ಒಂಬತ್ತನೇ ಕಾಲಮ್ಮಿನಲ್ಲಿ ನಾನು ಬರೆದದ್ದು

ನಮ್ಮೂರ ಇಸ್ಪೀಟು ಕ್ಲಬ್ಬನ್ನು ಮುಚ್ಚಿಸಬೇಕೆಂದು ಅಥಣಿಗೆ ಹೋಗಿ ಮನವಿ ಕೊಟ್ಟ ಹೆಂಗಸರಲ್ಲಿ ನಾನೂ ಒಬ್ಬಳು. ಸಹಿಗಳ ಸಾಲಿನಲ್ಲಿ ನನ್ನದು ಮೂರನೆಯದು. ಕ್ಲಬ್ಬು ಮುಚ್ಚಲಿಲ್ಲ. ಎರಡು ವರ್ಷ ಕಳೆದು ಅದೇ ಕ್ಲಬ್ಬಿನ ದುಡ್ಡಿನಲ್ಲಿ ಊರ ಕೆಲಸಗಳಿಗೆ ಅನುದಾನ ಕೊಡುತ್ತಾರೆಂದು ಪಂಚಾಯತಿ ಗೋಡೆಗೆ ನೋಟಿಸು ಬಿದ್ದಾಗ, ಫಾರ್ಮು ತರಲು ಎಲ್ಲರಿಗಿಂತ ಮೊದಲು ಹೋದವಳು ನಾನು. ಫಾರ್ಮು ಕೊಟ್ಟ ಗುಮಾಸ್ತ ನನ್ನ ಮುಖ ನೋಡಿ ಸುಮ್ಮನೆ ನಕ್ಕ. ನಾನೂ ನಕ್ಕೆ. ಆ ನಗೆ ನನಗೆ ಇವತ್ತಿಗೂ ನೆನಪಿದೆ.

ನಾನು ಕಾಗವಾಡ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪಂಚಾಯತಿ ಗ್ರಂಥಾಲಯ ನೋಡಿಕೊಳ್ಳುವವಳು. ಮೇಡಂ ಅನ್ನುವ ಹಾಗೆ ಊರವರು ನನ್ನನ್ನು 'ಬಾಯಾರು' ಎನ್ನುತ್ತಾರೆ. ಒಂದೇ ಕೋಣೆ, ನಾಲ್ಕು ಕಪಾಟು, ಎರಡು ಉದ್ದನೆಯ ಮೇಜು. ಗಡಿಯ ಊರಾದ್ದರಿಂದ ಕನ್ನಡ ಪತ್ರಿಕೆಯ ಜೊತೆಗೆ ಮರಾಠಿ ಪತ್ರಿಕೆಯೂ ಬರುತ್ತದೆ. ಮಧ್ಯಾಹ್ನದ ಮೇಲೆ ಪಿಯುಸಿ ಮುಗಿಸಿ ಪೊಲೀಸ್ ಪರೀಕ್ಷೆಗೋ ನರ್ಸಿಂಗಿಗೋ ಓದುವ ಹುಡುಗಿಯರು ಬರುತ್ತಿದ್ದರು. ಆದರೆ ಗ್ರಂಥಾಲಯಕ್ಕೆ ಶೌಚಾಲಯವಿರಲಿಲ್ಲ. ಹುಡುಗಿಯರು ಬರುವ ಮುಂಚೆ ನೀರು ಕುಡಿಯುತ್ತಿರಲಿಲ್ಲ, ಬಂದಮೇಲೂ ಕುಡಿಯುತ್ತಿರಲಿಲ್ಲ. ಎರಡು ತಾಸಿಗೆ ಎದ್ದು ಹೋಗುತ್ತಿದ್ದರು. ಒಂದು ಸಣ್ಣ ಓದುವ ಕೋಣೆ, ಅದಕ್ಕೆ ಹೊಂದಿಕೊಂಡು ಒಂದು ಶೌಚಾಲಯ. ಇಷ್ಟನ್ನು ನಾನು ತಾಲ್ಲೂಕಿಗೂ ಜಿಲ್ಲೆಗೂ ಬರೆದು ಬರೆದು ಸಾಕಾಗಿದ್ದೆ. ಒಂದಕ್ಕೂ ಉತ್ತರ ಬಂದಿರಲಿಲ್ಲ.

ಕ್ಲಬ್ಬಿನ ವಿಷಯ ಹೇಳಬೇಕು. ಊರ ಹೊರಗೆ ಕುರಿಗಾರರ ಸಂಘದ ಜಮೀನಿದೆ. ಮೊದಲು ಅಲ್ಲಿ ರಾತ್ರಿ ಕುರಿಗಳನ್ನು ತರುಬಿ ನಿಲ್ಲಿಸುತ್ತಿದ್ದರು. ಕುರಿಗಾರರಲ್ಲಿ ಬಹಳ ಮಂದಿ ಈಗ ಎರಡು ಎಕರೆ, ನಾಲ್ಕು ಆಡು ಇಟ್ಟುಕೊಂಡು ಊರಲ್ಲೇ ನಿಂತಿದ್ದಾರೆ. ಜಮೀನು ಖಾಲಿ ಬಿದ್ದಿತ್ತು. ಅದನ್ನು ಸಂಘ ಒಂದು ಇಸ್ಪೀಟು ಕ್ಲಬ್ಬಿಗೆ ಬಾಡಿಗೆಗೆ ಕೊಟ್ಟಿತು. ಕಾಗದದಲ್ಲಿ ಅದಕ್ಕೆ ಮನರಂಜನಾ ಕೇಂದ್ರವೆಂದು ಹೆಸರು. ಮಹಾರಾಷ್ಟ್ರದ ಕಡೆಯಿಂದ ಕಾರುಗಳು ಬರುತ್ತಿದ್ದವು. ಸಂಘದವರು ತಮಗೆ ಬಂದದ್ದರಲ್ಲಿ ಒಂದು ಪಾಲನ್ನು ಪಂಚಾಯತಿಗೆ ಒಪ್ಪಿಸಿ, ಅದರಿಂದ ಯಾರು ಒಳ್ಳೆ ಕೆಲಸ ಮಾಡುತ್ತಾರೋ ಅವರು ಅರ್ಜಿ ಹಾಕಲಿ ಎಂದರು. ಅರ್ಜಿಗಳನ್ನು ನೋಡುವ ಕಮಿಟಿಯಲ್ಲಿ ಪಂಚಾಯತಿಯ ಇಬ್ಬರು, ಸಂಘದ ಅಧ್ಯಕ್ಷರು ಒಬ್ಬರು. ಅಧ್ಯಕ್ಷರು ಎಪ್ಪತ್ತು ದಾಟಿದ ಕುರಿಗಾರ ಅಜ್ಜ. ಮನವಿಗೆ ಸಹಿ ಹಾಕುವ ದಿನ ನಾನು ಅವರ ಬಗ್ಗೆ ನಾಲ್ಕು ಜನರೆದುರು, "ದುಡ್ಡ ಕಂಡ್ರ ಎಂಥಾವ್ರೂ ಹಿಂಗ ಆಗ್ತಾರ" ಎಂದಿದ್ದೆ. ಅವರ ಕಿವಿಗೆ ಬಿದ್ದಿತ್ತೋ ಇಲ್ಲವೋ ಗೊತ್ತಿರಲಿಲ್ಲ.

ಫಾರ್ಮಿನಲ್ಲಿ ಹನ್ನೆರಡು ಕಾಲಮ್ಮುಗಳಿದ್ದವು. ಎಂಟರವರೆಗೆ ಕಷ್ಟವಾಗಲಿಲ್ಲ. ಎಸ್ಟಿಮೇಟಿಗೆ ಎಂಜಿನಿಯರ ಹಿಂದೆ ಕಾಗವಾಡಕ್ಕೆ ಮೂರು ಸಲ ಅಲೆದೆ, ಜಾಗದ ಉತಾರೆ ಪತ್ರ ತೆಗೆಸಿದೆ, ನಕ್ಷೆ ಮಾಡಿಸಿದೆ. ಒಂಬತ್ತನೆಯದು ಹೀಗಿತ್ತು: 'ನಿಮ್ಮ ಸಂಸ್ಥೆಯಿಂದ ಒಬ್ಬ ವ್ಯಕ್ತಿಯ ಬದುಕಿನಲ್ಲಿ ಆದ ಬದಲಾವಣೆಯನ್ನು ನಿಜವಾದ ಉದಾಹರಣೆಯೊಂದಿಗೆ ವಿವರಿಸಿ.'

ನಾನು ಮೊದಲು ಬರೆದದ್ದು ಹುಡುಗಿಯರ ಬಗ್ಗೆಯೇ. ಹೈಸ್ಕೂಲಿನಲ್ಲಿ ಕ್ಲಾರ್ಕ್ ಆಗಿರುವ ನನ್ನ ಯಜಮಾನರು ಓದಿ ಕನ್ನಡಕ ತೆಗೆದರು.

"ಇದರಾಗ ಏನೂ ಇಲ್ಲ ನೋಡು. ಎಲ್ಲಾ ಅರ್ಜಿನೂ ಹಿಂಗ ಇರ್ತಾವು. ಓದಿದವರ ಮನಸ್ಸಿಗೆ ಹತ್ತಬೇಕು."

ಮನಸ್ಸಿಗೆ ಹತ್ತುವಂಥದ್ದು ನನ್ನ ಬಳಿ ಒಂದಿತ್ತು. ಅದು ನನ್ನದಾಗಿರಲಿಲ್ಲ.

ಅವರನ್ನು ನಾನು ವೈನಿ ಎಂದು ಕರೆಯುತ್ತಿದ್ದೆ. ನಮ್ಮ ಕಡೆ ಅಣ್ಣನ ಹೆಂಡತಿಗೆ ಹಾಗನ್ನುತ್ತಾರೆ. ಸಂಬಂಧವೇನಿಲ್ಲ, ಓಣಿಯ ಸಲುಗೆ. ದೊಡ್ಡ ದ್ರಾಕ್ಷಿ ತೋಟದ ಮನೆಯ ಸೊಸೆ, ಮಿರಜ ಕಡೆಯ ಹಳ್ಳಿಯಿಂದ ಬಂದವರು. ಗಂಡ ದಿನವೂ ಊಟ ಮಾಡಿ ಕ್ಲಬ್ಬಿಗೆ ಹೋಗುತ್ತಿದ್ದರು, ಅತ್ತೆ ಮಲಗುತ್ತಿದ್ದರು. ಆ ಹೊತ್ತಿನಲ್ಲಿ ವೈನಿ ಗ್ರಂಥಾಲಯಕ್ಕೆ ಬಂದು ಮೂಲೆಯ ಕುರ್ಚಿಯಲ್ಲಿ ಮರಾಠಿ ಪತ್ರಿಕೆ ಬಿಡಿಸಿಕೊಂಡು ಕೂರುತ್ತಿದ್ದರು. ಮನೆಯಲ್ಲಿ ಕುಳಿತರೆ ಗಂಡ ಎಷ್ಟು ಹೊತ್ತಿಗೆ ಬಂದಾನು ಅನ್ನುವುದೊಂದೇ ತಲೆಯಲ್ಲಿ ತಿರುಗುತ್ತದೆ ಎಂದು ಒಮ್ಮೆ ಹೇಳಿದ್ದರು. ಮರಾಠಿಯಲ್ಲಿ ಏಳನೇತ್ತೆ, ಅಂದರೆ ಏಳನೇ ತರಗತಿ, ಕಲಿತಿದ್ದಾರೆಂದು ಊರಿಗೆಲ್ಲ ಗೊತ್ತಿತ್ತು. ಕನ್ನಡ ಓದಲು ಬರುವುದಿಲ್ಲ ಎನ್ನುತ್ತಿದ್ದರು, ಅದರಲ್ಲಿ ಆಶ್ಚರ್ಯವೇನೂ ಇರಲಿಲ್ಲ.

ಒಂದು ದಿನ ವಯಸ್ಸಾದವರೊಬ್ಬರು ಬಂದು, ಚಾಳೀಸು ಮರೆತು ಬಂದಿದ್ದೇನೆ, ಮರಾಠಿ ಪೇಪರಿನಲ್ಲಿ ದ್ರಾಕ್ಷಿ ದರ ಏನಿದೆ ಓದಿ ಹೇಳು ತಾಯಿ ಎಂದು ವೈನಿಯನ್ನು ಕೇಳಿದರು. ವೈನಿ ಪತ್ರಿಕೆಯತ್ತ ನೋಡಿದರು, ನನ್ನತ್ತ ನೋಡಿದರು. ತಲೆನೋವೆಂದು ಪತ್ರಿಕೆ ಮಡಚಿಟ್ಟು ಹೊರಟುಹೋದರು. ಮರುದಿನ ಕೋಣೆಯಲ್ಲಿ ಯಾರೂ ಇಲ್ಲದಾಗ ಬಂದು ನನ್ನ ಮೇಜಿನ ಮುಂದೆ ನಿಂತರು.

"ಬಾಯಾರ, ನಿಮಗ ತಿಳಿದಿರಬೇಕು."

"ಏನ್ ವೈನಿ?"

"ನನಗ ಓದಾಕ ಬರಂಗಿಲ್ರಿ. ಮರಾಠಿನೂ ಇಲ್ಲ, ಯಾವದೂ ಇಲ್ಲ. ಎರಡನೇತ್ತೆ ಇದ್ದಾಗ ಅವ್ವ ಸತ್ಲು, ತಮ್ಮಗೋಳ್ನ ನೋಡ್ಕೊಂಡ್ನಿ. ಲಗ್ನದಾಗ ನಮ್ಮ ತವರಮನ್ಯಾವ್ರು ಏಳನೇತ್ತೆ ಅಂದ್ರು. ಇಪ್ಪತ್ತ ವರ್ಷಾತು. ಈಗ ಹೆಂಗ ಹೇಳ್ಲಿ?"

ಕನ್ನಡ ಕಲಿಯುತ್ತೇನೆಂದರೆ ಯಾರಿಗೂ ಸಂಶಯ ಬರುವುದಿಲ್ಲ, ಕಲಿಸಿ ಎಂದರು. ಯಾರಿಗೂ ಹೇಳಬೇಡಿ ಎಂದು ಬಾಯಿ ಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವಿದೆಯೆಂದು ಅವರಿಗೆ ಅನಿಸಿರಲಿಕ್ಕಿಲ್ಲ.

ಹಾಗೆ ಕಲಿಸಲು ಶುರುಮಾಡಿದೆ. ಒಂದು ವರ್ಷದ ಮೇಲಾಯಿತು. ಒತ್ತಕ್ಷರಗಳು ಅವರನ್ನು ಬಹಳ ಕಾಡಿದವು. 'ದ್ರಾಕ್ಷಿ' ಬರೆಯಲು ಹದಿನೈದು ದಿನ ತೆಗೆದುಕೊಂಡರು. ತೋಟದ ತುಂಬ ಬೆಳೆಯುವುದನ್ನು ಕಾಗದದ ಮೇಲೆ ತರಲಾಗುತ್ತಿಲ್ಲವಲ್ಲ ಎಂದು ನಗುತ್ತಿದ್ದರು. ಮಕ್ಕಳ ಕತೆಪುಸ್ತಕ ಒಂದನ್ನು ಮೊದಲ ಪುಟದಿಂದ ಕೊನೆಯವರೆಗೆ ಬೆರಳಿಟ್ಟು ಓದಿದ ದಿನ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದ ಒಣದ್ರಾಕ್ಷಿಯನ್ನು ನನ್ನ ಕೈಗೆ ಸುರಿದರು.

ಇದನ್ನು ನಾನು ಒಂಬತ್ತನೇ ಕಾಲಮ್ಮಿನಲ್ಲಿ ಬರೆದೆ. ಹೆಸರು ಹಾಕಲಿಲ್ಲ. ಮಹಾರಾಷ್ಟ್ರದಿಂದ ತೋಟದ ಮನೆಗೆ ಸೊಸೆಯಾಗಿ ಬಂದ ಮಹಿಳೆ ಎಂದೆ. ಅಕ್ಷರ ಬಾರದಿದ್ದರೂ ಏಳನೇ ತರಗತಿ ಓದಿದವಳೆಂದು ಇಪ್ಪತ್ತು ವರ್ಷ ಗಂಡನ ಮನೆಯವರನ್ನು ನಂಬಿಸಿದ್ದಳು ಎಂದೆ. ಓದಲು ಬಾರದ ಪತ್ರಿಕೆಯನ್ನು ದಿನವೂ ಹಿಡಿದು ಕೂರುತ್ತಿದ್ದಳು ಎಂದೆ. ಬರೆಯುತ್ತ ಬರೆಯುತ್ತ ನನ್ನ ಕಣ್ಣು ತೇವವಾಯಿತು. ಆ ಕಣ್ಣೀರು ವೈನಿಗಾಗಿ ಎಂದು ಆಗ ಅಂದುಕೊಂಡಿದ್ದೆ. ನನ್ನ ವಾಕ್ಯಗಳು ಚೆನ್ನಾಗಿ ಬಂದಿದ್ದಕ್ಕೆ ಬಂದ ಕಣ್ಣೀರು ಅದು.

ಒಂದು ವಾಕ್ಯವನ್ನು ಬರೆದು ಹೊಡೆದುಹಾಕಿದೆ: 'ಆಕೆಯ ಗಂಡ ಪ್ರತಿ ಮಧ್ಯಾಹ್ನ ಇಸ್ಪೀಟು ಆಡಲು ಹೋಗುವ ಹೊತ್ತಿನಲ್ಲಿ ಆಕೆ ಗ್ರಂಥಾಲಯಕ್ಕೆ ಬರುತ್ತಾಳೆ.' ದುಡ್ಡು ಕೊಡುವವರಿಗೆ ಇದನ್ನು ಓದಲು ಕೊಡುವುದು ಬೇಡವೆನಿಸಿತು. ಶುದ್ಧ ಪ್ರತಿಯಲ್ಲಿ ಆ ವಾಕ್ಯದ ಜಾಗದಲ್ಲಿ 'ಮನೆಗೆಲಸದ ಬಿಡುವಿನಲ್ಲಿ' ಎಂದು ಹಾಕಿದೆ.

ಯಜಮಾನರು ಓದಿ, "ಈಗ ಬಂತು ನೋಡು," ಎಂದರು. ಇದು ಯಾರ ಕತೆ ಎಂದು ಅವರು ಕೇಳಲಿಲ್ಲ. ಗೊತ್ತಾಗಿತ್ತು.

ಅರ್ಜಿ ಹಾಕಿದವರನ್ನು ಕಮಿಟಿ ಕುರಿಗಾರರ ಸಂಘದ ಹಾಲಿಗೆ ಕರೆಯಿತು. ನನಗಿಂತ ಮುಂಚೆ ಭಜನಾ ಮಂಡಳಿಯವರು, ಹಾಲಿನ ಡೇರಿಯವರು ಹೋಗಿ ಬಂದರು. ನಾನು ಒಳಗೆ ಹೋದಾಗ ಪಂಚಾಯತಿಯ ಇಬ್ಬರೂ ಬಹಳ ಹೊಗಳಿದರು. ಅವರಲ್ಲೊಬ್ಬರು ಒಂಬತ್ತನೇ ಕಾಲಮ್ಮನ್ನು ಜೋರಾಗಿ ಓದಿದರು. ಅಜ್ಜ ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ ಕಣ್ಣು ತೆರೆದು ನನ್ನನ್ನು ನೋಡಿದರು.

"ಬಾಯಾರ, ಛಲೋ ಬರದೀರಿ. ನನಗ ಓದಾಕ ಬರಂಗಿಲ್ಲ, ಕೇಳಿ ಹೇಳಾಕತ್ತೇನಿ. ಒಂದ ಮಾತ ಕೇಳ್ಲೇನ್ರಿ?"

"ಕೇಳ್ರಿ ಅಜ್ಜಾರ."

"ಇದನ್ನ ಬರೀತೇನಿ ಅಂತ ಆ ಹೆಣ್ಮಗಳನ್ನ ಕೇಳಿರೇನು?"

ಇಲ್ಲ ಎನ್ನಲು ಎಷ್ಟು ಹೊತ್ತು ಬೇಕಿತ್ತು? ಪಂಚಾಯತಿಯವರು ಆಗಲೇ ಮುಂದಿನ ಅರ್ಜಿಯ ಕಡೆ ಕೈ ಚಾಚಿದ್ದರು. ಹುಡುಗಿಯರ ಕೋಣೆ ನನ್ನ ಕಣ್ಣ ಮುಂದೆ ಆಗಲೇ ಕಟ್ಟಿ ನಿಂತಿತ್ತು, ಬಾಗಿಲಿಗೆ ಬಣ್ಣವೂ ಹಚ್ಚಿಯಾಗಿತ್ತು.

"ಕೇಳೇನ್ರಿ," ಎಂದೆ.

"ಹೂಂ ಅಂದಾಳು?"

"ಅಂದಾರ್ರಿ. ಖುಷಿಲೆ ಹೇಳ್ಯಾರ."

"ಖುಷಿಲೆ" ಎಂದು ಸೇರಿಸುವ ಅಗತ್ಯವಿರಲಿಲ್ಲ. ಅಜ್ಜ ತಲೆಯಾಡಿಸಿದರು. "ಹಂಗಾದ್ರ ಆತು ಬಿಡ್ರಿ," ಎಂದರು. ಅವರು ನನ್ನ ಮಾತನ್ನು ನಂಬಿದ ರೀತಿ ಎಷ್ಟು ಸರಳವಾಗಿತ್ತೆಂದರೆ ನಾನು ಮನೆಗೆ ಹೋಗುವ ದಾರಿಯಲ್ಲಿ ಎರಡು ಸಲ ನಿಂತೆ. ತಿರುಗಿ ಹೋಗಲಿಲ್ಲ.

ಅನುದಾನ ಮಂಜೂರಾಯಿತು. ಊರಲ್ಲಿ ಎಲ್ಲರೂ ನನ್ನನ್ನು ಹೊಗಳಿದರು. ವೈನಿಯೂ ಹೊಗಳಿದರು, ಹುಡುಗಿಯರಿಗೆ ಒಳ್ಳೆಯದಾಯಿತು ಎಂದರು. ಆಗ ಹೇಳಬಹುದಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡೆ. ಹೇಳದಿದ್ದರೂ ನಡೆಯುತ್ತದೆ, ಕಮಿಟಿಯ ಕಾಗದ ಕಪಾಟಿಗೆ ಸೇರುತ್ತದೆ ಎಂದೂ ಅಂದುಕೊಂಡೆ. ಆದರೆ ಎಲ್ಲ ಬಹಿರಂಗವಾಗಿರಲಿ ಎಂದು ಪಂಚಾಯತಿಯವರು ಮಂಜೂರಾದ ಅರ್ಜಿಗಳ ನಕಲನ್ನು ನೋಟಿಸ್ ಬೋರ್ಡಿಗೆ ಅಂಟಿಸಿದರು. ನಾನು ಆ ವಾರ ಸಿಮೆಂಟಿನ ವಿಚಾರಕ್ಕೆ ಅಥಣಿಗೆ ಓಡಾಡುತ್ತಿದ್ದೆ, ನೋಡಿರಲಿಲ್ಲ.

ಬುಧವಾರ ಮಧ್ಯಾಹ್ನ ವೈನಿ ಬಂದರು. ಚಪ್ಪಲಿ ಬಿಡಲಿಲ್ಲ, ಒಳಗೂ ಬರಲಿಲ್ಲ, ಹೊಸ್ತಿಲಲ್ಲೇ ನಿಂತರು. ಮೇಜಿನಲ್ಲಿ ಇಬ್ಬರು ಹುಡುಗಿಯರು ಓದುತ್ತಿದ್ದರು. ನಾನು ಹೊರಗೆ ಹೋದೆ.

"ನೀರಿನ ಬಿಲ್ ತುಂಬಾಕ ಪಂಚಾಯತಿಗೆ ಹೋಗಿದ್ನಿ ಬಾಯಾರ," ಎಂದರು. ದನಿ ಎತ್ತಲಿಲ್ಲ. "ಅಲ್ಲಿ ಬೋರ್ಡ ಮ್ಯಾಗ ನಿಮ್ಮ ಹೆಸರ ಕಾಣಿಸ್ತು. ನಿಮ್ಮ ಹೆಸರ ಓದಾಕ ಬಂತಲ್ಲ ಅಂತ ಖುಷಿ ಆತು. ಹಂಗ ಮುಂದ ಓದಿದ್ನಿ. ಪೂರಾ ಓದಿದ್ನಿ."

ಒಳಗಿನ ಹುಡುಗಿಯರಿಗೆ ಕೇಳದಂತೆ ನಾನು ಬಾಗಿಲು ಎಳೆದುಕೊಂಡೆ.

"ಒಂದ ಶಬ್ದ ಅಷ್ಟ ತಿಳೀಲಿಲ್ಲ. ಸಬಲೀಕರಣ. ಹಂಗಂದ್ರ ಏನ್ರಿ?"

ನಾನು ಏನೋ ಹೇಳಿದೆ. ಹೆಣ್ಣುಮಕ್ಕಳಿಗೆ ಬಲ ಬರುವುದು ಅಂತಲೋ ಏನೋ. ವೈನಿ ಕೇಳಿಸಿಕೊಂಡರು. "ಹೌದೇನ್ರಿ," ಎಂದು ತಿರುಗಿ ನಡೆದರು. ಆ ಕಾಗದವನ್ನು ಅವರಿಗಿಂತ ಮುಂಚೆ ಎಷ್ಟು ಜನ ಓದಿದ್ದರೋ. ತೋಟದ ಮನೆಗೆ ಮಹಾರಾಷ್ಟ್ರದಿಂದ ಬಂದ, ದಿನವೂ ಗ್ರಂಥಾಲಯದಲ್ಲಿ ಕೂರುವ ಸೊಸೆ ನಮ್ಮೂರಲ್ಲಿ ಒಬ್ಬರೇ.

ಆ ಹೊತ್ತಿಗೇ ಪಂಚಾಯತಿಗೆ ಓಡಿದೆ. ಗುಮಾಸ್ತ, ಬೋರ್ಡಿನ ಗಾಜಿಗೆ ಬೀಗ ಇದೆ, ಅಧಿಕಾರಿ ಚಿಕ್ಕೋಡಿಗೆ ಮೀಟಿಂಗಿಗೆ ಹೋಗಿದ್ದಾರೆ, ಕೀಲಿ ಅವರ ಬಳಿ ಎಂದ. ಗಾಜಿನ ಹಿಂದೆ ನನ್ನ ದುಂಡಗಿನ ಅಕ್ಷರ ಕಾಣುತ್ತಿತ್ತು. ನನ್ನ ಅಕ್ಷರವನ್ನು ಚಿಕ್ಕಂದಿನಿಂದ ಎಲ್ಲರೂ ಹೊಗಳುತ್ತಾರೆ. ಎಷ್ಟು ಚೊಕ್ಕವಾಗಿ ಬರೆದಿದ್ದೆನೆಂದರೆ ವರ್ಷದ ಹಿಂದೆ ಅಕ್ಷರ ಕಲಿತವರೂ ತಡೆಯಿಲ್ಲದೆ ಓದಬಹುದಿತ್ತು.

ಅಲ್ಲಿಂದ ಅಜ್ಜನ ಮನೆಗೆ ಹೋದೆ. ಅವರು ಅಂಗಳದಲ್ಲಿ ಒಂದು ಆಡಿನ ಕಾಲಿನ ಗೊರಸು ಕೆತ್ತುತ್ತಿದ್ದರು. ಬೋರ್ಡಿನಿಂದ ನನ್ನ ಅರ್ಜಿ ತೆಗೆಸಬೇಕು ಎಂದೆ.

"ಯಾಕ್ರಿ? ಆಕಿ ಖುಷಿಲೆ ಹೇಳ್ಯಾಳ ಅಂದಿದ್ರೆಲ್ಲ?"

"ಸುಳ್ಳ ಹೇಳಿದ್ನಿ ಅಜ್ಜಾರ. ಕೇಳಿರಲಿಲ್ಲ."

ಅವರು ಆಡಿನ ಕಾಲು ಬಿಟ್ಟರು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಹಗುರವಾಗುತ್ತಿದ್ದೆ. ಅವರು ರುಮಾಲು ಸುತ್ತಿಕೊಂಡು ನನ್ನ ಜೊತೆ ಪಂಚಾಯತಿಗೆ ನಡೆದು ಬಂದರು. ಅಧಿಕಾರಿಗೆ ಫೋನು ಹಚ್ಚಿಸಿ, ಇನ್ನೊಂದು ಕೀಲಿ ಎಲ್ಲಿದೆಯೆಂದು ಕೇಳಿ, ಗುಮಾಸ್ತನಿಂದ ಗಾಜು ತೆರೆಸಿ ಕಾಗದ ತೆಗೆಸಿ ಮಡಚಿ ನನ್ನ ಕೈಗೆ ಕೊಟ್ಟರು.

"ಕ್ಲಬ್ಬಿನ ವಿಷಯದಾಗ ನೀವು ನನಗ ಅಂದದ್ದು ನನಗ ಗೊತ್ತೈತ್ರಿ," ಎಂದರು ಮೆಟ್ಟಿಲಿಳಿಯುತ್ತ. "ಅದು ಖರೇನ ಇರಬೇಕು ಅಂತ ಎಷ್ಟೋ ದಿನ ಮನಸ್ಸಿಗೆ ಹತ್ತಿತ್ತು. ಅದಕ್ಕ ಪಾಲ ತಗದಿಟ್ವಿ."

"ಅನುದಾನ ವಾಪಸ್ ತಗೋರಿ ಅಜ್ಜಾರ."

"ಹುಡುಗೇರ್ದೇನ ತಪ್ಪೈತಿ ಅದರಾಗ? ಕಟ್ರಿ."

ನಾಲ್ಕು ದಿನ ಬಿಟ್ಟು ವೈನಿಯ ಮನೆಗೆ ಹೋದೆ. ಅತ್ತೆಯವರು ಕಟ್ಟೆಯ ಮೇಲೆ ಕುಳಿತಿದ್ದರು. ಬರ್ರಿ ಬಾಯಾರ, ಕುಂಡ್ರಿ ಎಂದು ಚಹಾ ಹೇಳಿದರು. ವೈನಿ ಚಹಾ ತಂದುಕೊಟ್ಟರು. ಅತ್ತೆ ನಗುನಗುತ್ತ, "ನಮ್ಮ ಸೊಸಿ ನಮಗ ಇಪ್ಪತ್ತ ವರ್ಷ ಆಟ ಆಡಿಸ್ಯಾಳ ನೋಡ್ರಿ," ಎಂದರು. ಅದರಲ್ಲಿ ಸಿಟ್ಟಿತ್ತೋ ತಮಾಷೆಯಿತ್ತೋ ನನಗೆ ತಿಳಿಯಲಿಲ್ಲ. ಗಂಡ ಇನ್ನೂ ಮನೆಯಲ್ಲೇ ಇದ್ದರು. ಹೊರಡುತ್ತ, "ಏಳನೇತ್ತೆ, ನನ್ನ ಚಪ್ಪಲಿ ಎಲ್ಲಿ ಅದಾವು?" ಎಂದು ಕೂಗಿದರು. ಹೊಸ ಹೆಸರು ಅದು, ಈಗ ಇಟ್ಟದ್ದು. ವೈನಿ ಎದ್ದು ಹೋಗಿ ಚಪ್ಪಲಿ ತೋರಿಸಿದರು.

ಆಮೇಲೆ ವೈನಿ ಒಣದ್ರಾಕ್ಷಿಯ ಶೆಡ್ಡಿಗೆ ಹೊರಟಾಗ ನಾನೂ ಹಿಂದೆ ಹೋದೆ. ಜಾಲರಿಗಳ ಮೇಲೆ ದ್ರಾಕ್ಷಿ ಒಣಗುತ್ತಿತ್ತು. ಅವರು ಕಡ್ಡಿ ಆರಿಸತೊಡಗಿದರು. ನಾನು ತಪ್ಪಾಯಿತು ಎಂದೆ. ನಿಮ್ಮನ್ನು ಕೇಳಬೇಕಿತ್ತು, ಕೇಳಿದರೆ ಬೇಡ ಅಂತೀರೆಂದು ಕೇಳಲಿಲ್ಲ ಎಂದೆ. ಇದೊಂದು ಮಾತನ್ನು ನಾನು ನಿಜ ಹೇಳಿದೆ.

ಅವರು ಆ ಜಾಲರಿಯ ಕಡ್ಡಿಯನ್ನೆಲ್ಲ ಆರಿಸಿ ಮುಗಿಸಿದರು.

"ಸುಳ್ಳ ಬರದಿದ್ರ ಜಗಳಾ ತಗೀತಿದ್ನಿ," ಎಂದರು ಕೊನೆಗೆ. "ನೀವು ಬರದದ್ದೆಲ್ಲಾ ಖರೇನ ಐತಿ. ಏನಂತ ಜಗಳಾ ತಗೀಲಿ? ಆದ್ರ ಒಂದ ಬಿಟ್ಟೀರಿ."

"ಏನ್ರಿ?"

"ಅವ್ರು ಕ್ಲಬ್ಬಿಗೆ ಹೋಗೂದು. ಅದಕ್ಕ ನಾ ನಿಮ್ಮಲ್ಲಿಗೆ ಬರ್ತಿದ್ನಿ ಅಂತ ನಿಮಗ ಗೊತ್ತಿತ್ತು. ನಂದು ಪೂರಾ ಬರದ್ರಿ, ಅವರದು ಯಾಕ ಮುಚ್ಚಿದ್ರಿ?"

ಇದಕ್ಕೆ ನನ್ನ ಬಳಿ ಉತ್ತರವಿತ್ತು. ಅರ್ಜಿ ತಿರಸ್ಕಾರವಾಗುವ ಹೆದರಿಕೆ ಎಂದು ಮೂರು ಶಬ್ದದಲ್ಲಿ ಹೇಳಬಹುದಿತ್ತು. ಹೇಳಲಾಗಲಿಲ್ಲ. ವೈನಿ ಕಡ್ಡಿಗಳನ್ನು ಬುಟ್ಟಿಗೆ ಹಾಕಿ ಇನ್ನೊಂದು ಜಾಲರಿಯ ಕಡೆ ಸರಿದರು. ನೀವಿನ್ನು ಹೋಗಿ ಎಂದೂ ಅನ್ನಲಿಲ್ಲ. ನಾನೇ ಹೊರಟೆ.

ಕೋಣೆ ಕಟ್ಟಿ ಮುಗಿಯಿತು. ಉದ್ಘಾಟನೆಯ ದಿನ ನನಗೆ ಶಾಲು ಹೊದಿಸಿದರು. ಬೇಡ ಎನ್ನುವ ಧೈರ್ಯ ಬರಲಿಲ್ಲ. ಅಜ್ಜ ಬಂದಿರಲಿಲ್ಲ, ಹಾರೂಗೇರಿ ಸಂತೆಗೆ ಹೋಗಿದ್ದರಂತೆ. ಈಗ ಹುಡುಗಿಯರು ಬೆಳಗಿನಿಂದ ಸಂಜೆವರೆಗೆ ಕೂರುತ್ತಾರೆ, ಬಾಟಲಿ ತುಂಬ ನೀರು ತರುತ್ತಾರೆ. ಒಬ್ಬಳಿಗೆ ರಾಯಬಾಗದಲ್ಲಿ ನರ್ಸಿಂಗ್ ಕೆಲಸ ಸಿಕ್ಕಿತು, ಪೇಢೆ ಹಂಚಿದಳು. ಅವರನ್ನು ನೋಡಿದಾಗ ಸಂತೋಷವಾಗುವುದಿಲ್ಲವೆಂದು ಹೇಳಿದರೆ ಅದೂ ಸುಳ್ಳಾಗುತ್ತದೆ. ಸಂತೋಷವಾಗುತ್ತದೆ. ಅದಕ್ಕೇ ನನಗೆ ಇನ್ನಷ್ಟು ನಾಚಿಕೆ.

ವೈನಿ ಮತ್ತೆ ಬರಲಿಲ್ಲ. ಎದುರು ಸಿಕ್ಕರೆ ಮಾತಾಡಿಸುತ್ತಾರೆ. ಊಟ ಆಯಿತೇ, ಮಕ್ಕಳು ಹೇಗಿದ್ದಾರೆ ಎಂದು ಕೇಳುತ್ತಾರೆ, ಉತ್ತರ ಕೇಳಿಸಿಕೊಂಡು ಮುಂದೆ ಹೋಗುತ್ತಾರೆ. ಓದುವುದನ್ನು ಬಿಟ್ಟರೋ ಮನೆಯಲ್ಲೇ ಓದುತ್ತಾರೋ ನನಗೆ ಗೊತ್ತಿಲ್ಲ. ಕೇಳುವ ಹಕ್ಕು ನನಗಿಲ್ಲ.

ಊರಿನ ಹೆಂಗಸರು ಗ್ರಂಥಾಲಯಕ್ಕೆ ಬಂದಾಗ ಕೆಲವೊಮ್ಮೆ ವೈನಿಯ ಮಾತು ತೆಗೆಯುತ್ತಾರೆ. "ಪಾಪ, ಎಷ್ಟ ಹುರುಪಿಲೆ ಬರ್ತಿದ್ಲು. ಆ ಅತ್ತಿ ಬಿಡಂಗಿಲ್ಲ ಕಾಣಸ್ತೈತಿ, ಹೌದಲ್ರಿ ಬಾಯಾರ?" ಎನ್ನುತ್ತಾರೆ. ಅತ್ತೆಯವರು ಅವರನ್ನು ತಡೆದಿಲ್ಲ ಎಂದು ನನಗೆ ಗೊತ್ತು. ಹೌದು ಎಂದು ನಾನು ಹೇಳುವುದಿಲ್ಲ, ಇಲ್ಲ ಎಂದೂ ಹೇಳುವುದಿಲ್ಲ. ಪುಸ್ತಕದ ನಂಬರು ಬರೆದುಕೊಳ್ಳುತ್ತ ಕೂರುತ್ತೇನೆ. ಅವರು ಅದನ್ನು ಹೌದೆಂದೇ ತಿಳಿದುಕೊಂಡು ಹೋಗುತ್ತಾರೆ, ನಾನು ಹೋಗಗೊಡುತ್ತೇನೆ.